ಕ್ಲೀನರ್ ಸೈಡಿನ ಸೀಟು

‘ಮಾಡ್ಯುಲರ್’ ಎಂಬ ಪದ ನನ್ನ ಕಿವಿಗೆ ಮೊದಲು ಬಿದ್ದದ್ದು ಕುರುಬರಹಳ್ಳಿಯ ನಮ್ಮ ಮನೆಯ ಅಡುಗೆಮನೆಯಲ್ಲಿ. ನನ್ನ ಹೆಂಡತಿ ಸರೋಜ ಹಠ ಹಿಡಿದು ಮಾಡ್ಯುಲರ್ ಕಿಚನ್ ಮಾಡಿಸಿದಳು. ಕಂಪ್ಯೂಟರಿನಲ್ಲಿ ಬಣ್ಣ ತೋರಿಸಿದರು, ಡಬ್ಬಗಳನ್ನು ಹೊತ್ತು ತಂದರು, ಎರಡು ದಿನದಲ್ಲಿ ಜೋಡಿಸಿ ಫೋಟೋ ತೆಗೆದುಕೊಂಡು ಹೋದರು. ಮೂರನೇ ದಿನ ಗೊತ್ತಾಯಿತು, ಫ್ರಿಜ್ಜಿನ ಬಾಗಿಲು ತೆರೆದಿದ್ದರೆ ಚಮಚದ ಡ್ರಾಯರು ಹೊರಗೆ ಬರುವುದಿಲ್ಲ. ಫೋನು ಮಾಡಿದರೆ ಆ ಕಡೆಯವನು, “ಮೇಡಂ, ಪ್ರತಿ ಮಾಡ್ಯೂಲೂ ಪರ್ಫೆಕ್ಟ್ ಆಗಿದೆ. ನೀವು ಒಂದೊಂದಾಗಿ ಓಪನ್ ಮಾಡ್ಬೇಕು, ಅಷ್ಟೇ” ಅಂದ.

ಕಾರು ತಯಾರಿಸುವ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವವರು ನಿಮ್ಮ ಟ್ರೈನಿಂಗ್ ಪುಸ್ತಕ ಓದಲು ಪುರುಸೊತ್ತಿಲ್ಲದಿದ್ದರೆ ಈ ಒಂದು ಮಾತು ಬರೆದಿಟ್ಟುಕೊಳ್ಳಿ. ಬಿಡಿಬಿಡಿಯಾಗಿ ಎಲ್ಲವೂ ಪರ್ಫೆಕ್ಟ್. ಕೂಡಿಸಿದ ಮೇಲೆ ಆಗುವ ಅವಾಂತರಕ್ಕೆ ಕೊಳ್ಳುವವನೇ ಹೊಣೆ. ನನ್ನ ಕೊನೆಯ ಹದಿನಾರು ವರ್ಷದ ನೌಕರಿಯ ಸಾರಾಂಶ ಇಷ್ಟೇ. ನನಗೆ ಸಿಕ್ಕ ಬಡ್ತಿಗಳ ಕಥೆ ಬೇಡ. ಒಂದೊಂದು ಬಡ್ತಿಗೂ ಕುರ್ಚಿ ಬದಲಾಯಿತು, ಬೈಸಿಕೊಳ್ಳುವ ಭಾಷೆ ಬದಲಾಯಿತು, ಬೈಗುಳ ಅದೇ ಇತ್ತು.

ನಾನು ಕೆಲಸ ಕಲಿತದ್ದು ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಬಸ್ ಬಾಡಿ ಶೆಡ್ಡಿನಲ್ಲಿ. ಬರೀ ಚಾಸಿ, ಅಂದರೆ ಎಂಜಿನ್ನು ಚಕ್ರ ಕೂಡಿಸಿದ ಅಡಿಗಟ್ಟು ಮಾತ್ರ ಬರುತ್ತಿತ್ತು. ಮುಖಕ್ಕೆ ಟವೆಲ್ ಸುತ್ತಿಕೊಂಡ ಡ್ರೈವರು ಹಲಗೆಯ ಮೇಲೆ ಕೂತು ಅದನ್ನು ಓಡಿಸಿಕೊಂಡು ಬರುತ್ತಿದ್ದ. ಮೇಲಿನದೆಲ್ಲ ನಾವು ಕಟ್ಟುತ್ತಿದ್ದೆವು. ಮಾಲೀಕ ಏನು ಕೇಳಿದರೂ ಆಗಲ್ಲ ಅನ್ನುತ್ತಿರಲಿಲ್ಲ. ಆ ಕಾಲ ಬಂಗಾರದಂಥದ್ದು, ಕೈಕೆಲಸದಲ್ಲಿ ಜೀವವಿತ್ತು ಎಂದು ಹೇಳುವ ಮುದುಕರು ನಿಮಗೆ ಸಿಗುತ್ತಾರೆ. ನಂಬಬೇಡಿ. ಒಮ್ಮೆ ಒಂದು ಬಸ್ಸಿನ ಕಿಟಕಿ ಗಾಜು ಒಡೆಯಿತು. ಅದೇ ಮಾಲೀಕನಿಗೆ ಅದೇ ತಿಂಗಳು ನಾವೇ ಕಟ್ಟಿಕೊಟ್ಟ ಇನ್ನೊಂದು ಬಸ್ಸಿನ ಗಾಜು ತಂದು ಇಟ್ಟರೆ ಅರ್ಧ ಇಂಚು ದೊಡ್ಡದು. ಮಾಲೀಕ ಕೂಗಾಡಿದಾಗ ನಮ್ಮ ಮೇಸ್ತ್ರಿ ಬೀಡಿ ಆರಿಸದೆ, “ಅದು ಬೇರೆ ದಿನ ಮಾಡಿದ್ದು ಕಣಪ್ಪ” ಅಂದ. ಅವನ ಪ್ರಕಾರ ಅದು ಉತ್ತರ.

ಆ ಶೆಡ್ಡಿನಿಂದ ನಾನು ಹೊತ್ತು ತಂದ ಒಂದೇ ಒಳ್ಳೆಯ ಸಂಗತಿಯೆಂದರೆ ಎರಡು ಪದ, ಡ್ರೈವರ್ ಸೈಡು ಮತ್ತು ಕ್ಲೀನರ್ ಸೈಡು. ಲಾರಿಯಲ್ಲಿ ಡ್ರೈವರ್ ಪಕ್ಕ ಕ್ಲೀನರ್ ಕೂರುತ್ತಾನಲ್ಲ, ಆ ಬದಿ. ಶೆಡ್ಡಿನಲ್ಲಿ ಎಡ ಬಲ ಅನ್ನುವಂತಿರಲಿಲ್ಲ. ಬಸ್ಸಿನ ಕೆಳಗೆ ಮಲಗಿದವನ ಎಡ ಬೇರೆ, ಎದುರು ನಿಂತವನ ಎಡ ಬೇರೆ. ಎಡಕ್ಕೆ ತಳ್ಳು ಅಂದಾಗ ಒಬ್ಬನ ಬೆರಳು ಜಜ್ಜಿಹೋದ ಮೇಲೆ ಯಾರೂ ಆ ಪದ ಬಳಸುತ್ತಿರಲಿಲ್ಲ.

ಆಮೇಲೆ ಕೆಂಗೇರಿ ಆಚೆಯ ಕಾರು ಕಾರ್ಖಾನೆ ಸೇರಿದೆ. ಹೆಸರು ಬೇಡ, ಅವರ ಹೆಸರು ಹೇಳದೆಯೂ ಅವರ ಮಾನ ಕಳೆಯಬಹುದು. ನಾನು ಫಿಟ್‌ಮೆಂಟ್ ಇನ್‌ಸ್ಪೆಕ್ಟರ್. ಬಾಗಿಲು, ಬಾನೆಟ್ಟು, ಡ್ಯಾಶ್‌ಬೋರ್ಡು, ಸೀಟು ಇವೆಲ್ಲ ಕೂತ ಜಾಗದಲ್ಲಿ ಸರಿಯಾಗಿ ಕೂತಿವೆಯೇ ಎಂದು ತೆಳು ತಗಡಿನ ಗೇಜನ್ನು ಸಂದಿಗೆ ತೂರಿಸಿ ನೋಡುವುದು ಕೆಲಸ. ಇಡೀ ದಿನ ಸಂದು ನೋಡುತ್ತಿದ್ದವನು ಕಾರು ನೋಡುವುದನ್ನು ಮರೆಯುತ್ತಾನೆ. ಅದು ನನಗೂ ಆಯಿತು, ಹೇಳುತ್ತೇನೆ.

ಕಂಪನಿ ಮಾಡ್ಯುಲರ್ ಆಗಲು ತೀರ್ಮಾನಿಸಿದಾಗ ನಮ್ಮನ್ನೆಲ್ಲ ಒಂದು ಹೋಟೆಲಿಗೆ ಕರೆದೊಯ್ದು ಮಕ್ಕಳಾಡುವ ಪ್ಲಾಸ್ಟಿಕ್ ಇಟ್ಟಿಗೆ ಕೊಟ್ಟರು. ವಿದೇಶದಿಂದ ಬಂದ ಸಲಹೆಗಾರರು, ಇದರಲ್ಲಿ ಕಾರು ಕಟ್ಟಿ ಅಂದರು. ಒಂದೇ ತಳಪಾಯ, ಮೇಲೆ ಬೇಕಾದ ತುಂಡು ಜೋಡಿಸಿದರೆ ಸಣ್ಣ ಕಾರು, ಬೇರೆ ತುಂಡು ಜೋಡಿಸಿದರೆ ದೊಡ್ಡ ಕಾರು; ತತ್ವ ಇಷ್ಟು. ಅದನ್ನು ಐದು ನಿಮಿಷದಲ್ಲಿ ಹೇಳಿ ಮುಗಿಸಬಹುದಿತ್ತು. ಎರಡು ದಿನ ಆಡಿಸಿದರು. ಐವತ್ತು ದಾಟಿದ ಮ್ಯಾನೇಜರುಗಳು ಕೆಂಪು ಇಟ್ಟಿಗೆಗಾಗಿ ಕಿತ್ತಾಡಿದರು. ಊಟದ ಹೊತ್ತಿಗೆ ಒಬ್ಬರು ಉಳಿದ ಇಟ್ಟಿಗೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, “ಮೊಮ್ಮಗನಿಗೆ” ಅಂದರು. ಆ ಎರಡು ದಿನದಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಪದ್ಧತಿ ಕೆಟ್ಟದ್ದಲ್ಲ. ಹಿಂದೆಲ್ಲ ಡ್ಯಾಶ್‌ಬೋರ್ಡ್ ಕೂರಿಸುವವನು ಕಾರಿನೊಳಗೆ ಅಂಗಾತ ಮಲಗಿ, ಸ್ಕ್ರೂಗಳನ್ನು ಬಾಯಲ್ಲಿ ಕಚ್ಚಿಕೊಂಡು, ಕತ್ತು ಉಳುಕಿಸಿಕೊಂಡು ಕೆಲಸ ಮಾಡುತ್ತಿದ್ದ. ಈಗ ಮೀಟರು, ಏಸಿ, ವೈರು ಎಲ್ಲ ಸೇರಿದ ಇಡೀ ಡ್ಯಾಶ್‌ಬೋರ್ಡು ಒಂದೇ ತುಂಡಾಗಿ ಬರುತ್ತದೆ, ಬಾಗಿಲಿನಿಂದ ತೂರಿಸಿ ಬೋಲ್ಟು ಹಾಕಿದರೆ ಮುಗಿಯಿತು. ಕತ್ತುಗಳು ಉಳಿದವು. ಕೆಟ್ಟದ್ದು ಏನೆಂದರೆ, ತುಂಡುಗಳನ್ನು ಜೋಡಿಸುವ ಈ ಬುದ್ಧಿವಂತಿಕೆ ಮನುಷ್ಯರು ಅದರಲ್ಲಿ ಕೂರುತ್ತಾರೆ ಎಂಬಲ್ಲಿಗೆ ಬರುವಷ್ಟರಲ್ಲಿ ಸುಸ್ತಾಗುತ್ತಿತ್ತು.

ಕಸ್ಟಮೈಸೇಷನ್ ವಿಭಾಗ ಎಂದು ಹೊಸದೊಂದು ಹುಟ್ಟಿತು. ಅದರ ಮುಖ್ಯಸ್ಥ ಪ್ರಣವ್. ಮೂವತ್ತೈದು ದಾಟದ, ಸದಾ ನಗುವ, ಏನು ಕೇಳಿದರೂ “ಸೂಪರ್ ಪಾಯಿಂಟ್” ಎಂದು ಹೇಳಿ, ಏನನ್ನೂ ಬರೆದುಕೊಳ್ಳದ ಮನುಷ್ಯ. ನನ್ನನ್ನು ಆ ವಿಭಾಗಕ್ಕೆ ಹಾಕಿದರು. ಬಂದ ಮೊದಲ ವಾರವೇ ಆತ ನನ್ನ ಎರಡು ಪದಗಳ ಮೇಲೆ ಕಣ್ಣು ಹಾಕಿದ.

“ರಂಗಸ್ವಾಮಿ ಸಾರ್, ಪ್ರೀಮಿಯಂ ಕಾರಲ್ಲಿ ಕ್ಲೀನರ್ ಎಲ್ಲಿಂದ ಬರ್ತಾನೆ? ಕಸ್ಟಮರ್ ವಿಸಿಟ್ ಇದ್ದಾಗ ಫ್ಲೋರಲ್ಲಿ ಯಾರೋ ‘ಕ್ಲೀನರ್ ಸೈಡ್ ಡೋರ್ ಹಾಕು’ ಅಂತ ಕೂಗ್ತಾ ಇದ್ರು. ನಂಗೆ ನಾಚಿಕೆ ಆಯ್ತು.”

“ಮತ್ತೆ ಏನನ್ಬೇಕು ಸಾರ್?”

“ಸಿಸ್ಟಮಲ್ಲಿ ಇರೋ ಹಾಗೆ. ಡ್ರೈವರ್‌ಗೆ ಡಿ, ಪ್ಯಾಸೆಂಜರ್‌ಗೆ ಪಿ.”

ಗೋಡೆಗೆ ನೋಟೀಸು ಹಚ್ಚಿದರು. ಡಿ, ಪಿ. ಎರಡೂ ಕೂಗಿದರೆ ಯಂತ್ರದ ಸದ್ದಿನಲ್ಲಿ ಒಂದೇ ಥರ ಕೇಳಿಸುತ್ತವೆ ಎಂದು ನೋಟೀಸು ಬರೆದವನಿಗೆ ತಿಳಿಯಲಿಲ್ಲ, ಅವನ ಕೋಣೆಯಲ್ಲಿ ಯಂತ್ರವಿರಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಬಾಗಿಲ ಒಳಹೊದಿಕೆಗಳ ಒಂದು ಲಾಟ್ ಬಂತು. ಬಾರ್‌ಕೋಡಿನಲ್ಲಿ ಡಿ. ನಾಲ್ಕೂ ಕಿಟಕಿ ಏರಿಸುವ ಇಳಿಸುವ ನಾಲ್ಕು ಸ್ವಿಚ್ಚು ಅದರಲ್ಲಿ. ಕಂಪ್ಯೂಟರಿನ ಪರದೆ ಯಾವ ಬಾಗಿಲಿಗೆ ಹಾಕು ಅಂದಿತೋ ಅದಕ್ಕೆ ಹಾಕಿದರು. ನಾನು ಗೇಜು ತೂರಿಸಿದೆ. ಸಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಒಂದು ಇಡೀ ಪಾಳಿಯ ಕಾರುಗಳನ್ನು ಪಾಸು ಮಾಡಿದೆ. ಲಗ್ಗೆರೆಯಿಂದ ಬರುತ್ತಿದ್ದ ಬಸಪ್ಪ ಎಂಬ ಫಿಟ್ಟರ್ ಇದ್ದ, ಗದಗದ ಕಡೆಯವನು. ಅವನು ಬಂದು ನನ್ನ ಪಕ್ಕ ನಿಂತು ಮೆಲ್ಲಗೆ ಕೇಳಿದ.

“ಸರ, ಈ ಗಾಡಿ ಯಾ ದೇಶಕ್ಕ ಹೊಂಟಾವ್ರೀ?”

“ಇಲ್ಲೇ ಕಣಪ್ಪ, ನಮ್ಮ ದೇಶಕ್ಕೆ.”

“ಹಂಗಾರ ಕಿಟಕಿ ಎಲ್ಲಾ ಕ್ಲೀನರ್ ಏರಸ್ತಾನೇನ್ರೀ?”

ತಲೆ ಎತ್ತಿ ನೋಡಿದೆ. ನಾಲ್ಕು ಸ್ವಿಚ್ಚೂ ಎಡ ಬಾಗಿಲಿನಲ್ಲಿ ಕೂತಿದ್ದವು. ಕೋಡು ಕೊಡುವುದು ವಿದೇಶದ ಕಚೇರಿ, ಆ ದೇಶದಲ್ಲಿ ಡ್ರೈವರು ಎಡಕ್ಕೆ ಕೂರುತ್ತಾನೆ. ಅವರ ‘ಡಿ’ ನಮ್ಮ ಕ್ಲೀನರ್ ಸೈಡು. ಯಂತ್ರ ತಪ್ಪು ಮಾಡಿರಲಿಲ್ಲ. ಗೇಜು ತಪ್ಪು ಮಾಡಿರಲಿಲ್ಲ. ಸ್ಟೀರಿಂಗು ಬಲಕ್ಕಿದೆ ಎಂಬುದನ್ನು ನೋಡದೆ ಸಂದು ನೋಡಿದ ದಡ್ಡ ನಾನೊಬ್ಬನೇ. ತನಿಖೆಯ ವರದಿಯಲ್ಲಿ ‘ಸಂವಹನದ ಕೊರತೆ’ ಎಂದು ಬರೆದರು. ಬಸಪ್ಪನ ಹೆಸರು ಎಲ್ಲಿಯೂ ಬರಲಿಲ್ಲ. ನನ್ನದೂ ಬರಲಿಲ್ಲ, ಅದು ನನಗೆ ಅನುಕೂಲವೇ ಆಯಿತು.

ರಾಜಾಜಿನಗರದಲ್ಲಿ ಗಾಜಿನ ಸ್ಟುಡಿಯೋ ತೆರೆದರು. ಹೊರಗೆ ದೊಡ್ಡ ಅಕ್ಷರದಲ್ಲಿ ‘ನಿಮ್ಮ ಕಾರು, ನಿಮ್ಮಿಷ್ಟ’. ವಾರಕ್ಕೆ ಮೂರು ದಿನ ನಾನು ಅಲ್ಲಿ ಕೂರಬೇಕು, ಗಿರಾಕಿ ಕೇಳಿದ್ದು ಕೂರುತ್ತದೋ ಇಲ್ಲವೋ ಹೇಳಬೇಕು. ಗೋಡೆಯಷ್ಟು ದೊಡ್ಡ ಪರದೆ. ಅದರ ಮುಂದೆ ಗಂಡ ಹೆಂಡತಿ ಮಕ್ಕಳು ನಿಂತು ಸೀಟಿನ ಹೊಲಿಗೆ ದಾರದ ಬಣ್ಣ, ಬದಿ ಕನ್ನಡಿಯ ಕವಚದ ಬಣ್ಣ, ಕಾಲ ಬಳಿ ಮಿನುಗುವ ದೀಪದ ಬಣ್ಣ ಆರಿಸುವರು. ಒಂದು ಗಂಟೆ ಜಗಳವಾಡಿ ದಾರ ಆರಿಸಿದವರು ಕಾರು ಕೊಟ್ಟ ದಿನ ಸೀಟಿನ ಪ್ಲಾಸ್ಟಿಕ್ ಕವರು ಕೀಳಬೇಡಿ ಅನ್ನುತ್ತಿದ್ದರು. ಹೊಲಿಗೆಯನ್ನು ಅವರ ಮೊಮ್ಮಕ್ಕಳು ನೋಡುತ್ತಾರೇನೋ.

ಆ ಸ್ಟುಡಿಯೋದಲ್ಲಿ ಜನ ಅತಿ ಹೆಚ್ಚು ಕೇಳಿದ ಪ್ರಶ್ನೆ, “ಡ್ಯಾಶ್‌ಬೋರ್ಡ್ ಮೇಲೆ ಗಣಪತಿ ನಿಲ್ತಾನಾ?” ನಿಲ್ಲುತ್ತಿರಲಿಲ್ಲ. ನಮ್ಮ ವಿನ್ಯಾಸಕಾರರು ಡ್ಯಾಶ್‌ಬೋರ್ಡನ್ನು ಜಾರುಬಂಡೆ ಮಾಡಿಟ್ಟಿದ್ದರು. ಅಂಗೈ ಅಗಲದ ಸಪಾಟು ಜಾಗ ಬೇಕು ಎಂದು ನಾನು ನಾಲ್ಕು ಸಲ ಬರೆದೆ. ನಾಲ್ಕು ಸಲವೂ “ಸೂಪರ್ ಪಾಯಿಂಟ್”. ಐದನೇ ಸಲ ಹೊಸದಾಗಿ ಇನ್ನೂ ಆರು ಬಣ್ಣದ ದಾರ ಬಂತು. ಇದೇ ಕಸ್ಟಮೈಸೇಷನ್ನು. ನಾವು ಕೊಡಲು ತಯಾರಿರುವುದನ್ನು ನೀವು ಇಷ್ಟಪಡಬಹುದು.

ವಿಮಲಾ ಮೇಡಂ ಬಂದದ್ದು ಆ ಸ್ಟುಡಿಯೋಗೆ. ಬಸವೇಶ್ವರನಗರದ ಮನೆ, ಲಗ್ಗೆರೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲಿಗೆ ಕ್ಯಾಲಿಪರ್ ಎಂಬ ಕಬ್ಬಿಣದ ಸರಳಿನ ಆಸರೆ ಹಾಕುತ್ತಿದ್ದರು. ಆ ಕಾಲು ಮಡಿಸಲು ಬರುವುದಿಲ್ಲ, ನೆಟ್ಟಗೆ ಕೋಲಿನಂತೆ ನಿಂತಿರುತ್ತದೆ. ವರ್ಷಾನುಗಟ್ಟಲೆ, ಹಿಂಬದಿಗೆ ಎರಡು ಹೆಚ್ಚುವರಿ ಚಕ್ರ ಹಾಕಿದ ಸ್ಕೂಟರಿನಲ್ಲಿ ಓಡಾಡಿದವರು. ಭುಜ ನೋವು ಬಂದ ಮೇಲೆ ಗೇರಿಲ್ಲದ ಕಾರು ಕಲಿತಿದ್ದರು, ಲೈಸೆನ್ಸೂ ಹಳೆಯ ಕಾರೊಂದೂ ಇದ್ದವು. ಬಲಗಾಲೊಂದರಲ್ಲಿ ಓಡಿಸಲು ತೊಂದರೆಯಿಲ್ಲ. ತೊಂದರೆ ಇದ್ದದ್ದು ಹತ್ತಿ ಇಳಿಯಲು. ಮಡಿಸದ ಕಾಲನ್ನು ಬಾಗಿಲಿನಿಂದ ಸ್ಟೀರಿಂಗಿನ ಕೆಳಗೆ ತರಲು ಯಾರಾದರೂ ಎತ್ತಿ ಇಡಬೇಕಿತ್ತು.

ಪ್ರಣವ್ ಅವರಿಗೂ ದಾರದ ಬಣ್ಣ ತೋರಿಸಲು ಶುರುಮಾಡಿದ. ಅವರು ತಡೆದರು.

“ಬಣ್ಣ ಯಾವುದಾದ್ರೂ ಹಾಕಿ. ಸ್ಕೂಲ್ ಬಿಟ್ಟ ಮೇಲೆ ದಿನಾ ಗೇಟ್ ಹತ್ರ ನಿಂತ್ಕೊಂಡು, ಯಾರು ಖಾಲಿ ಇದಾರೆ, ನನ್ನ ಕಾಲು ಯಾರು ಎತ್ತಿಡ್ತಾರೆ ಅಂತ ನೋಡ್ಬೇಕು. ಕೆಲವು ಸಲ ನನ್ನ ಹತ್ರ ಫೇಲ್ ಆದ ಹುಡುಗನ ಅಪ್ಪನೇ ಬಂದು ಎತ್ತಿಡ್ತಾರೆ. ಯಾರನ್ನೂ ಕರೀದೆ ನಾನು ಕಾರ್ ಹತ್ಬೇಕು, ಇಳೀಬೇಕು. ಅಷ್ಟು ಕಸ್ಟಮ್ ಆಗುತ್ತಾ ನಿಮ್ಮಲ್ಲಿ?”

ಪ್ರಣವ್ ಪರದೆ ಮುಟ್ಟಿ ಮುಟ್ಟಿ ಹುಡುಕಿದ. “ಡ್ರೈವರ್ ಸೀಟಲ್ಲಿ ಅಂಥ ಆಪ್ಷನ್ ಇಲ್ಲ ಮೇಡಂ” ಅಂದ.

ಆ ರಾತ್ರಿ ನಿದ್ದೆ ಬಾರದೆ ಉಪಾಯ ಹೊಳೆಯಿತು ಎಂದೆಲ್ಲ ನಾನು ಹೇಳುವುದಿಲ್ಲ. ಅಲ್ಲೇ, ಆ ಕ್ಷಣವೇ ನೆನಪಾಯಿತು. ವಿದೇಶಕ್ಕೆ ಹೋಗುವ ಕಾರುಗಳಿಗೆ ವಯಸ್ಸಾದವರಿಗೆಂದು ಹೊರಕ್ಕೆ ತಿರುಗುವ ಸೀಟೊಂದಿತ್ತು. ಬಾಗಿಲು ತೆರೆದಾಗ ಮಾತ್ರ ತಿರುಗುತ್ತದೆ, ಉಳಿದ ಹೊತ್ತು ಗಟ್ಟಿಯಾಗಿ ಬೀಗ. ಅದು ಅವರ ಪ್ಯಾಸೆಂಜರ್ ಸೀಟು, ಆದ್ದರಿಂದ ಪಟ್ಟಿಯಲ್ಲಿ ‘ಪಿ’. ಆದರೆ ಅವರ ಕ್ಲೀನರ್ ಸೈಡು ಅಂದರೆ ನಮ್ಮ ಡ್ರೈವರ್ ಸೈಡು! ತಳಪಾಯ ಒಂದೇ, ಬೋಲ್ಟಿನ ತೂತು ಒಂದೇ. ಆ ಸೀಟು ವಿಮಲಾ ಮೇಡಂ ಕೂರಬೇಕಾದ ಜಾಗಕ್ಕೆ ಸರಿಯಾಗಿ ಕೂರುತ್ತದೆ. ಪರದೆಗೆ ಅದು ಹೊಳೆಯಲು ಸಾಧ್ಯವಿರಲಿಲ್ಲ, ಅದಕ್ಕೆ ಗೊತ್ತಿದ್ದದ್ದು ಡಿ ಮತ್ತು ಪಿ ಮಾತ್ರ.

ಹೇಳಿದಾಗ ಪ್ರಣವ್ ಮೊದಲ ಬಾರಿಗೆ ಬರೆದುಕೊಂಡ. ಮೇಡಂ ಮೇಲಿನ ಕರುಣೆಯಿಂದಲ್ಲ. ಅದರಲ್ಲಿ ಒಂದು ವಿಡಿಯೋ ಇದೆ ಎಂದು ಅವನಿಗೆ ಕಂಡಿತ್ತು.

ಪ್ಲಾಂಟಿನಲ್ಲಿ ನಾನೂ ಬಸಪ್ಪನೂ ಒಂದು ಕಾರಿಗೆ ಆ ಸೀಟು ಹಾಕಿದೆವು. ಎಷ್ಟೋ ಸಲ ತಿರುಗಿಸಿ ನೋಡಿದೆವು, ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿತು. ಗೇಜು ಹಿಡಿದು ಸಂದು ನೋಡಿದೆ, ಸರಿಯಿತ್ತು. ಅದು ಪ್ರದರ್ಶನದ ಕಾರು, ಪ್ರಣವ್ ಒಪ್ಪಿದರೆ ಸಾಕು. ಒಪ್ಪಿದ.

ಪ್ರದರ್ಶನದ ದಿನ ಸ್ಟುಡಿಯೋ ಮುಂದೆ ಹೂವಿನ ತೋರಣ, ರಿಬ್ಬನ್ನು, ಕ್ಯಾಮೆರಾ, ಕಂಪನಿಯ ದೊಡ್ಡವರು. ವಿಮಲಾ ಮೇಡಂ ಹಸಿರು ಸೀರೆ ಉಟ್ಟು ಬಂದಿದ್ದರು, ಜೊತೆಗೆ ಇಬ್ಬರು ಸಹೋದ್ಯೋಗಿಗಳು. ಹೊರಕ್ಕೆ ತಿರುಗಿದ್ದ ಸೀಟಿನಲ್ಲಿ ಕೂತರು, ಲಿವರ್ ಎಳೆದರು, ಸೀಟು ಅವರನ್ನೂ ಅವರ ಕಾಲನ್ನೂ ಒಟ್ಟಿಗೆ ಒಳಗೆ ಒಯ್ದಿತು. ಯಾರೂ ಮುಟ್ಟಲಿಲ್ಲ. ಚಪ್ಪಾಳೆ. ಅವರ ಮುಖ ನೋಡಿ ಎಲ್ಲರಿಗಿಂತ ಜೋರಾಗಿ ನಾನೇ ತಟ್ಟಿದೆ, ಸುಳ್ಳು ಯಾಕೆ ಹೇಳಲಿ. ಪ್ರಣವ್ ಅಷ್ಟಕ್ಕೆ ಬಿಡದೆ, “ಮೇಡಂ, ಗೇಟ್ ತನಕ ಓಡಿಸಿ, ಅಲ್ಲಿ ನೀವೇ ಇಳಿದು ಬನ್ನಿ, ಕ್ಯಾಮೆರಾ ರೆಡಿ ಇದೆ” ಅಂದ.

ಓಡಿಸಿದರು. ಗೇಟಿನ ಬಳಿ ನೆಲ ರಸ್ತೆಯ ಕಡೆಗೆ ಇಳಿಜಾರು. ನಿಲ್ಲಿಸಿದರು, ಹ್ಯಾಂಡ್‌ಬ್ರೇಕ್ ಎಳೆದರು, ಬಾಗಿಲು ತೆರೆದು ಸೀಟು ತಿರುಗಿಸಿದರು. ಅರ್ಧಕ್ಕೆ ಟಕ್ ಎಂದು ನಿಂತಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಕಬ್ಬಿಣದ ಕಾಲು ಬಾಗಿಲಿನಿಂದ ಅರ್ಧ ಹೊರಗೆ ಚಾಚಿಕೊಂಡಿತ್ತು. ಕ್ಯಾಮೆರಾದವನು ಇನ್ನೂ ಹತ್ತಿರ ಬಂದ.

ನಾನು ಓಡಿಹೋಗಿ ನೋಡಿದೆ. ಎಳೆದು ಮೇಲೆದ್ದಿದ್ದ ಹ್ಯಾಂಡ್‌ಬ್ರೇಕಿಗೆ ಸೀಟಿನ ಮೂಲೆ ಸಿಕ್ಕಿಹಾಕಿಕೊಂಡಿತ್ತು. ನಮ್ಮ ಪ್ಲಾಂಟಿನಲ್ಲಿ ಒಂದು ನಿಯಮವಿದೆ. ಹೊಸ ಕಾರಿನ ಹ್ಯಾಂಡ್‌ಬ್ರೇಕ್ ಎಳೆಯಬಾರದು, ಕೇಬಲ್ಲು ಸಡಿಲವಾಗುತ್ತದೆ. ಚಕ್ರಕ್ಕೆ ಮರದ ತುಂಡು ಕೊಟ್ಟು ನಿಲ್ಲಿಸಬೇಕು. ಎಷ್ಟೋ ಸಲ ತಿರುಗಿಸಿದೆವು ಅಂದೆನಲ್ಲ, ಪ್ರತಿ ಸಲವೂ ಮರದ ತುಂಡು ಕೊಟ್ಟಿದ್ದೆವು, ಹ್ಯಾಂಡ್‌ಬ್ರೇಕ್ ಕೆಳಗೇ ಇತ್ತು. ಸ್ಟುಡಿಯೋ ಮುಂದೆ ಮೇಡಂ ಹತ್ತುವಾಗಲೂ ಹಾಗೇ ನಿಲ್ಲಿಸಿದ್ದೆವು. ನಾನು ಕಾರು ಪರೀಕ್ಷೆ ಮಾಡುತ್ತಿದ್ದೆ. ಕಾರಿನಿಂದ ಇಳಿಯುವ ಮನುಷ್ಯ ಏನು ಮಾಡುತ್ತಾನೆ ಎಂದು ಮಾಡಿ ನೋಡಿರಲಿಲ್ಲ.

ಬ್ರೇಕು ಇಳಿಸಿದರೆ ಕಾರು ಜಾರುತ್ತದೆ. ಬಸಪ್ಪ ಹೂಗಿಡದ ಪಾತಿಯಿಂದ ಇಟ್ಟಿಗೆ ಕಿತ್ತು ತಂದು ಚಕ್ರಕ್ಕೆ ಕೊಡುವವರೆಗೆ ಆಕೆ ಹಾಗೇ ಕೂತಿದ್ದರು. ಪ್ರಣವ್ ಸಹೋದ್ಯೋಗಿಗಳಿಗೆ “ಸ್ವಲ್ಪ ಕಾಲು ಹಿಡೀರಿ” ಎಂದು ಹೇಳುತ್ತಿದ್ದ. ವಿಮಲಾ ಮೇಡಂ ಅವರನ್ನು ಕಣ್ಣಲ್ಲೇ ತಡೆದು ನನ್ನ ಕಡೆ ನೋಡಿದರು.

“ಇಳಿಯೋ ಮುಂಚೆ ಹ್ಯಾಂಡ್‌ಬ್ರೇಕ್ ಎಳೀಬೇಕು ಅಂತ ನಿಮ್ಮ ಕಂಪನೀಲಿ ಯಾರಿಗೂ ಗೊತ್ತಿಲ್ವಾ ಸಾರ್?”

ತರಗತಿಯಲ್ಲಿ ಲೆಕ್ಕ ತಪ್ಪು ಮಾಡಿದ ಹುಡುಗನನ್ನು ಕೇಳುವ ದನಿ. ಇಟ್ಟಿಗೆ ಬಂದ ಮೇಲೆ ನಾನು ಬ್ರೇಕು ಇಳಿಸಿ ಸೀಟು ಬಿಡಿಸಿದೆ. ಇಳಿದ ಮೇಲೆ ಅವರು, “ಸರಿಮಾಡಿ ಕರೀರಿ, ನಾನು ಬುಕಿಂಗ್ ಕ್ಯಾನ್ಸಲ್ ಮಾಡಲ್ಲ” ಎಂದು ಹೇಳಿ ಆಟೋ ಹತ್ತಿದರು.

ಸರಿಮಾಡುವುದು ಎಷ್ಟು ಸುಲಭವಿತ್ತೆಂದು ನೆನೆದರೆ ಈಗಲೂ ಮೈ ಉರಿಯುತ್ತದೆ. ಹ್ಯಾಂಡ್‌ಬ್ರೇಕ್ ಲಿವರು ಎರಡು ಸೀಟಿನ ನಡುವೆ ಇದ್ದರೂ ಡ್ರೈವರ್ ಕಡೆಗೆ ಸ್ವಲ್ಪ ವಾಲಿಸಿ ಇಟ್ಟಿರುತ್ತಾರೆ. ವಿದೇಶದ ಕಾರಿನಲ್ಲಿ ಅದು ಎಡಕ್ಕೆ ವಾಲಿರುತ್ತದೆ. ಅವರ ಸೀಟು ತಂದವನು ಅವರ ಹ್ಯಾಂಡ್‌ಬ್ರೇಕಿನ ಪೆಟ್ಟಿಗೆಯನ್ನೂ ತಂದಿದ್ದರೆ ಎಲ್ಲ ಸರಿಯಾಗುತ್ತಿತ್ತು. ಅದೂ ನಮ್ಮ ಗೋಡೌನಿನಲ್ಲೇ ಇತ್ತು, ಅದೇ ಬೋಲ್ಟು. ಹಾಕಿದೆವು. ಲಿವರು ನಾಲ್ಕು ಬೆರಳು ಆಚೆ ಹೋಯಿತು, ಕೈಗೂ ಎಟುಕುತ್ತಿತ್ತು. ಈ ಸಲ ಪ್ಲಾಂಟಿನ ಹಿಂದಿನ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು, ಬಸಪ್ಪ ಎಡಗಾಲಿಗೆ ಮರದ ಹಲಗೆ ಕಟ್ಟಿಕೊಂಡು ಕೂತ. ಹತ್ತಿದ, ಇಳಿದ, ಮತ್ತೆ ಹತ್ತಿದ. ಬೆಳಿಗ್ಗೆಯಿಂದ ಊಟದ ಗಂಟೆಯವರೆಗೆ. ಎಲ್ಲೂ ತಾಗಲಿಲ್ಲ.

“ಮೇಡಮ್ಮಾರು ಇನ್ನ ಯಾರ್ನೂ ಕರಿಯೂದು ಬ್ಯಾಡ್ರೀ ಸರ” ಎಂದು ಹಲಗೆ ಬಿಚ್ಚುತ್ತ ನಕ್ಕ.

ಅಷ್ಟರಲ್ಲಿ ಪ್ರಣವ್ ಬೇರೆ ಕಂಪನಿಗೆ ಹಾರಿದ್ದ. ರಸ್ತೆಗೆ ಬಿಡುವ ಕಾರಾದ್ದರಿಂದ ಈಗ ಸರಿಯಾದ ಫೈಲು ಬೇಕು. ಆ ಫೈಲು ಸರ್ಕಾರಿ ಪರೀಕ್ಷೆಗೆ ಹೋಗಬೇಕಾದರೆ ಮೊದಲು ಫಿಟ್‌ಮೆಂಟ್ ಇನ್‌ಸ್ಪೆಕ್ಟರ್ ‘ಸರಿಯಾಗಿ ಕೂತಿದೆ’ ಎಂದು ಸಹಿ ಮಾಡಬೇಕು. ಅಂದರೆ ನಾನು. ನನ್ನ ಸಹಿಯಿಂದ ಕಾರು ರಸ್ತೆಗೆ ಬರುತ್ತಿರಲಿಲ್ಲ, ಫೈಲು ಮುಂದಿನ ಮೇಜಿಗೆ ಹೋಗುತ್ತಿತ್ತು, ಅಷ್ಟೇ.

ಕ್ವಾಲಿಟಿ ವಿಭಾಗದ ಮುಖ್ಯಸ್ಥರು ಕ್ಯಾಂಟೀನಿನಲ್ಲಿ ನನ್ನ ಎದುರು ಬಂದು ಕೂತರು. ಒಳ್ಳೆಯ ಮನುಷ್ಯ, ಯಾರಿಗೂ ಗದರಿದವರಲ್ಲ.

“ರಂಗಸ್ವಾಮಿ, ನಿಮ್ಮ ಆ ಸೀಟಿನ ಫೈಲ್ ನೋಡ್ದೆ. ಚೆನ್ನಾಗಿದೆ. ನಿಮ್ಮ ರಿಟೈರ್‌ಮೆಂಟ್ ಯಾವಾಗ?”

“ಇನ್ನು ಮೂರು ತಿಂಗಳು ಸಾರ್.”

“ಆರಾಮಾಗಿ ಹೋಗ್ರೀ ಮಾರಾಯ್ರೆ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಸಹಿ ಯಾರದು ಅಂತ ಕೇಳ್ತಾರೆ. ನಾನೇನೂ ಬೇಡ ಅಂತಿಲ್ಲ, ನಿಮ್ಮಿಷ್ಟ.”

ಅವರು ಬೆದರಿಸಲಿಲ್ಲ, ಆಣೆಯಾಗಿ ಹೇಳುತ್ತೇನೆ. ವಡೆ ಆರ್ಡರ್ ಮಾಡಿ ತಿನ್ನಿಸಿ ಹೋದರು. ನಾನು ನನ್ನ ಮೇಜಿಗೆ ಬಂದು ಫೈಲು ತೆರೆದೆ. ಇಷ್ಟು ಹೊತ್ತು ಮೇಸ್ತ್ರಿಯನ್ನು, ಸಲಹೆಗಾರರನ್ನು, ಪ್ರಣವ್‌ನನ್ನು ನಾನು ಬಾಯಿಗೆ ಬಂದಂತೆ ಆಡಿಕೊಂಡೆನಲ್ಲ, ಈಗ ನನ್ನ ಸರದಿ. ಸೀಟು ಸರಿಯಾಗಿ ಕೂತಿದೆ ಎಂದು ನನಗೆ ಗೊತ್ತಿತ್ತು. ಇಡೀ ನೌಕರಿಯಲ್ಲಿ ಅಷ್ಟು ಖಚಿತವಾಗಿ ಇನ್ನಾವುದೂ ಗೊತ್ತಿರಲಿಲ್ಲ. ಸಹಿಯ ಜಾಗದಲ್ಲಿ ‘ಹೆಚ್ಚಿನ ಪರಿಶೀಲನೆ ಅಗತ್ಯ’ ಎಂದು ಬರೆದು ಮುಚ್ಚಿದೆ. ಹಾಗೆ ಬರೆದ ಫೈಲುಗಳು ಎಲ್ಲಿಗೆ ಹೋಗುತ್ತವೆಂದು ನಾನು ನಿಮಗೆ ಹೇಳಬೇಕಿಲ್ಲ, ಸೇರಿದ ಮೊದಲ ವರ್ಷವೇ ಗೊತ್ತಾಗುತ್ತದೆ.

ಬಸಪ್ಪ ಎರಡು ಸಲ ಕೇಳಿದ. ಮೇಲೆ ಹೋಗಿದೆ ಅಂದೆ. ವಿಮಲಾ ಮೇಡಂ ಮೂರು ಸಲ ಫೋನು ಮಾಡಿದರು. ಅವರಿಗೂ ಅದನ್ನೇ ಹೇಳಿದೆ. ಮೂರು ತಿಂಗಳಾದ ಮೇಲೆ ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ‘ತಪ್ಪನ್ನು ಎಂದೂ ಪಾಸು ಮಾಡದ ಇನ್‌ಸ್ಪೆಕ್ಟರ್’ ಎಂದು ಹೊಗಳಿ ಕಳಿಸಿದರು. ಎಡ ಬಾಗಿಲಿನಲ್ಲಿ ನಾಲ್ಕು ಸ್ವಿಚ್ಚಿದ್ದ ಕಾರುಗಳನ್ನು ಮರೆತಿದ್ದರು ಅನ್ನಿಸುತ್ತದೆ.

ಹೋದ ತಿಂಗಳು ಬಸವೇಶ್ವರನಗರದಲ್ಲಿ ಸರೋಜಳ ಬಿಪಿ ಮಾತ್ರೆ ತಗೊಂಡು ಮೆಡಿಕಲ್ ಶಾಪಿನಿಂದ ಹೊರಗೆ ಬಂದೆ. ರಸ್ತೆ ಬದಿಗೆ ನಿಂತ ಬಿಳಿ ಕಾರೊಂದರ ತೆರೆದ ಬಾಗಿಲಿನಿಂದ ಒಬ್ಬ ಹೆಂಗಸು ಕೈ ಬೀಸುತ್ತಿದ್ದರು.

“ಸಾರ್, ಒಂದ್ನಿಮಿಷ ಬರ್ತೀರಾ? ಈ ಕಾಲು ಸ್ವಲ್ಪ ಒಳಗೆ ಇಡ್ಬೇಕು.”

ಹತ್ತಿರ ಹೋದ ಮೇಲೆ ಇಬ್ಬರಿಗೂ ಗುರುತು ಸಿಕ್ಕಿತು. ಮಾಮೂಲಿ ಕಾರು, ಮಾಮೂಲಿ ಸೀಟು. ಅವರ ಮುಖ ಅರಳಿತು.

“ಅಯ್ಯೋ ರಂಗಸ್ವಾಮಿ ಸಾರ್! ನಿಮ್ಮನ್ನೇ ಕರೆದ್ಬಿಟ್ನಲ್ಲ. ತಪ್ಪು ತಿಳ್ಕೋಬೇಡಿ.”

ನಾನು ಬಗ್ಗಿ ಎರಡೂ ಕೈಯಲ್ಲಿ ಕ್ಯಾಲಿಪರ್ ಹಾಕಿದ ಆ ಕಾಲನ್ನು ಎತ್ತಿದೆ. ಬಾಗಿಲ ಅಂಚಿಗೆ ತಾಗದಂತೆ ನೋಡಿಕೊಂಡು ಒಳಗೆ ಇಟ್ಟೆ. ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ಅವರು ಹೇಳಿದರು.

“ಎಲ್ಲರ ಹತ್ರಾನೂ ಹೇಳ್ತಿರ್ತೀನಿ ಸಾರ್, ಆ ಕಂಪನೀಲಿ ನನಗೋಸ್ಕರ ಒದ್ದಾಡಿದವರು ನೀವೊಬ್ರೇ ಅಂತ. ಮೇಲಿನವರು ಬಿಡ್ಲಿಲ್ಲ, ಪಾಪ ನೀವೇನ್ ಮಾಡ್ತೀರಿ.”

“ಹೌದು ಮೇಡಂ, ಮೇಲಿನವರು ಬಿಡ್ಲಿಲ್ಲ” ಎಂದು ಹೇಳಿ ಬಾಗಿಲು ಹಾಕಿದೆ.